ಚಂದ್ರಿಯ ಪಾತ್ರ ಮಾಡಿದ ತಾಯಿ

(ಮಹಿಳಾ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸಕ್ಕೆಂದು ಮನೆಯಿಂದ ಹೊರಬಿದ್ದ ಹೆಂಗಸನ್ನು ಊರು ಕೇಳುವ ಪ್ರಶ್ನೆ ಒಂದೇ: "ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಬಂದೆಯಮ್ಮಾ?" ಗಂಡಸು ಸಂಜೆ ಏಳಕ್ಕೆ ಕಛೇರಿಗೆ ಬಂದು ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರೆ ಅವನು ದೇಶಸೇವಕ. ಅವನನ್ನು ಈ ಪ್ರಶ್ನೆ ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಇನ್ನು ಆ ಹೆಂಗಸಿಗೆ ಸಿನಿಮಾ, ನಾಟಕಗಳ ಹಂಬಲವೂ ಇದೆಯೆಂದು ತಿಳಿದರೆ ಮುಗಿದೇ ಹೋಯಿತು. ಮನೆಯವರು ಬಯ್ಯುವುದು ಹಾಗಿರಲಿ, ನಮ್ಮ ಪಕ್ಷದ ಹಿರಿಯರೇ "ಅವೆಲ್ಲ ಪುರುಸೊತ್ತಿದ್ದವರ ಕೆಲಸ, ಚಳುವಳಿಗೂ ಅದಕ್ಕೂ ಏನು ಸಂಬಂಧ?" ಎಂದು ತಳ್ಳಿಹಾಕುತ್ತಾರೆ.

ಸಂಬಂಧ ಉಂಟು. ಎಷ್ಟರಮಟ್ಟಿಗೆ ಉಂಟೆಂಬುದನ್ನು ತೋರಿಸಲು ಇಂದು ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಆಕೆಯ ಹೆಸರು ಸ್ನೇಹಲತಾ ರೆಡ್ಡಿ. ನಾನು ಹುಟ್ಟುವ ಮೊದಲೇ ತೀರಿಕೊಂಡವರು. ನಾನು ಓದಿರುವುದು ಮ್ಯಾಟ್ರಿಕ್‌ವರೆಗೆ ಮಾತ್ರ. ನಾನು ಓದಿದ ಯಾವ ಪಠ್ಯಪುಸ್ತಕದಲ್ಲಿಯೂ ಆಕೆಯ ಹೆಸರಿರಲಿಲ್ಲ. ಆಮೇಲೆ ನಾನು ಮಕ್ಕಳಿಗೆ ಪಾಠ ಹೇಳಿದ ಪುಸ್ತಕಗಳಲ್ಲಿಯೂ ಇರಲಿಲ್ಲ. ಪಕ್ಷದ ಕೆಲಸಕ್ಕೆ ಬಂದ ಮೇಲೆಯೇ ನನಗೆ ಆ ಹೆಸರು ತಿಳಿದದ್ದು.

ಆಕೆ ಹುಟ್ಟಿದ್ದು 1932ರಲ್ಲಿ, ಆಂಧ್ರದ ಒಂದು ಕ್ರೈಸ್ತ ಕುಟುಂಬದಲ್ಲಿ. ಬ್ರಿಟಿಷರ ಆಳ್ವಿಕೆಯ ಮೇಲಿನ ಸಿಟ್ಟಿನಿಂದ ಚಿಕ್ಕಂದಿನಲ್ಲೇ ಭಾರತೀಯ ಹೆಸರನ್ನು ಇಟ್ಟುಕೊಂಡು, ದೇಶೀ ಉಡುಪನ್ನೇ ಉಡಲು ತೊಡಗಿದರಂತೆ. ಮದುವೆಯಾದದ್ದು ತೆಲುಗಿನ ಕವಿ, ಚಿತ್ರ ನಿರ್ಮಾಪಕ ಪಟ್ಟಾಭಿರಾಮ ರೆಡ್ಡಿಯವರನ್ನು. ಮಗಳು ನಂದನಾ, ಮಗ ಕೋನಾರ್ಕ್. ಮದರಾಸಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ಎಂಬ ನಾಟಕ ತಂಡವನ್ನು ಕಟ್ಟಿದವರಲ್ಲಿ ಆಕೆಯೂ ಒಬ್ಬರು. ಆಮೇಲೆ ಸಂಸಾರ ಬೆಂಗಳೂರಿಗೆ ಬಂತು. ಗಂಡಹೆಂಡಿರಿಬ್ಬರೂ ಡಾಕ್ಟರ್ ರಾಮಮನೋಹರ ಲೋಹಿಯಾ ಅವರ ವಿಚಾರಕ್ಕೆ ಮನಸೋತವರು. ಹಾಗಾಗಿ ಆ ಮನೆಯಲ್ಲಿ ನಾಟಕದವರೂ ಸಮಾಜವಾದಿಗಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅಡಿಗೆಮನೆ, ರಂಗಭೂಮಿ, ರಾಜಕೀಯ ಮೂರೂ ಒಂದೇ ಸೂರಿನ ಕೆಳಗೆ ನಡೆದಿದ್ದವು. ಇದು ಅನುಕೂಲವಂತರ ಮನೆಯಾಗಿದ್ದರಿಂದ ಸಾಧ್ಯವಾಯಿತು ಎಂದು ಯಾರಾದರೂ ಹೇಳಬಹುದು; ಹೌದು, ಅದೂ ನಿಜವೇ. ಆದರೆ ಅನುಕೂಲವಂತರ ಮನೆಗಳು ನಮ್ಮ ದೇಶದಲ್ಲಿ ಸಾವಿರಾರು ಇವೆ. ಅವುಗಳಲ್ಲಿ ಸೆರೆಮನೆಗೆ ಹೋಗುವ ದಾರಿ ಹಿಡಿದವು ಎಷ್ಟು?

1970ರಲ್ಲಿ 'ಸಂಸ್ಕಾರ' ಚಿತ್ರ ಬಂತು. ಯು. ಆರ್. ಅನಂತಮೂರ್ತಿಯವರ ಕಾದಂಬರಿ ಅಚ್ಚಾಗಿದ್ದು 1965ರಲ್ಲಿ. ಅದನ್ನು ಚಿತ್ರವಾಗಿ ನಿರ್ದೇಶಿಸಿದವರು ಪಟ್ಟಾಭಿಯವರು. ಚಿತ್ರಕಥೆ ಗಿರೀಶ ಕಾರ್ನಾಡರದು. ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್. ಸಂಗೀತ ರಾಜೀವ ತಾರಾನಾಥರದು. ಚಂದ್ರಿಯಾಗಿ ಸ್ನೇಹಲತಾ. ಮಲೆನಾಡಿನಲ್ಲಿಯೇ ಚಿತ್ರೀಕರಣವಾಯಿತು. ಸ್ಟುಡಿಯೋದ ಬಣ್ಣದ ಪರದೆಗಳಿಲ್ಲ, ಮರ ಸುತ್ತುವ ಹಾಡುಗಳಿಲ್ಲ, ಕಪ್ಪು ಬಿಳುಪಿನಲ್ಲಿ ಒಂದು ಅಗ್ರಹಾರ, ಅದರಲ್ಲೊಂದು ಹೆಣ.

ಕಥೆ ನಿಮಗೆ ಗೊತ್ತಿದ್ದೀತು. ಗೊತ್ತಿಲ್ಲದವರಿಗಾಗಿ ಎರಡು ಮಾತು. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸಾಯುತ್ತಾನೆ. ಅವನ ಹೆಣವನ್ನು ಸುಡಬಹುದೋ ಸುಡಬಾರದೋ ಎಂದು ಅಗ್ರಹಾರದವರು ತರ್ಕ ಮಾಡುತ್ತ ಕೂರುತ್ತಾರೆ. ಹೆಣ ಎತ್ತುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತಿಸುವಂತಿಲ್ಲ. ಇಲಿಗಳು ಬಿದ್ದು ಸಾಯತೊಡಗಿವೆ, ಊರಿಗೆ ಪ್ಲೇಗು ಬಂದಿದೆ. ಆದರೂ ತರ್ಕ ಮುಗಿಯದು. ನಾರಣಪ್ಪನೊಡನೆ ಬಾಳಿದ ಚಂದ್ರಿ, ಯಾರ ಕಣ್ಣಿಗೂ ಮನುಷ್ಯಳಾಗಿ ಕಾಣದ ಹೆಂಗಸು, ತನ್ನ ಮೈಮೇಲಿನ ಚಿನ್ನವನ್ನು ಬಿಚ್ಚಿ ಸಂಸ್ಕಾರದ ವೆಚ್ಚಕ್ಕೆಂದು ಆಚಾರ್ಯರ ಮುಂದೆ ಇಡುತ್ತಾಳೆ. ಚಿನ್ನ ಕಂಡೊಡನೆ ಎಷ್ಟು ಮಂದಿಗೆ ಶಾಸ್ತ್ರ ನೆನಪಾಯಿತೆಂಬುದನ್ನು ನೀವು ಕಥೆಯಲ್ಲಿಯೇ ನೋಡಬೇಕು! ಕೊನೆಗೆ ಶಾಸ್ತ್ರದಿಂದ ಉತ್ತರ ಹುಟ್ಟಲಿಲ್ಲ. ಚಂದ್ರಿಯೇ ರಾತ್ರಿಯ ಕತ್ತಲಲ್ಲಿ ಒಬ್ಬ ಮುಸಲ್ಮಾನನ ನೆರವಿನಿಂದ ಹೆಣವನ್ನು ಸುಡಿಸಿ ಬರುತ್ತಾಳೆ. ವಿದ್ವಾಂಸರು ತಾಳೆಗರಿ ತಿರುವುತ್ತಿರುವಾಗ ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸಿದವಳು ಅವಳು.

ಈ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಜಾತಿ ಭಾವನೆ ಕೆರಳೀತೆಂಬುದು ಅವರ ಭಯ. ಹೋರಾಡಿ ಬಿಡಿಸಿಕೊಂಡ ಮೇಲೆ ಅದೇ ಚಿತ್ರಕ್ಕೆ ಆ ವರ್ಷದ ರಾಷ್ಟ್ರಪತಿಗಳ ಸ್ವರ್ಣ ಕಮಲ ಬಂತು. ಕನ್ನಡ ಚಿತ್ರವೊಂದಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಒಂದೇ ಸರಕಾರದ ಒಂದು ಕೈ ಕತ್ತು ಹಿಡಿದು ದಬ್ಬುತ್ತದೆ, ಇನ್ನೊಂದು ಕೈ ಹಾರ ಹಾಕುತ್ತದೆ. ಸರಕಾರಗಳ ಸ್ವಭಾವ ಎಂದಿನಿಂದಲೂ ಹೀಗೆಯೇ.

ಆಗ ಸ್ನೇಹಲತಾ ಅವರಿಗೆ ಮೂವತ್ತೆಂಟು ವರ್ಷ, ಎರಡು ಮಕ್ಕಳ ತಾಯಿ. ನಮ್ಮ ಸಿನಿಮಾದಲ್ಲಿ ಆ ವಯಸ್ಸಿನ ಹೆಂಗಸಿಗೆ ಸಿಗುವ ಪಾತ್ರವೆಂದರೆ ನಾಯಕನ ಅಮ್ಮ, ಅದೂ ಕೆಮ್ಮುವ ಅಮ್ಮ. ಆಕೆ ಒಪ್ಪಿಕೊಂಡದ್ದು ಮಾನವಂತರೆನ್ನಿಸಿಕೊಂಡವರು ತಮ್ಮ ಮನೆಯ ಹೆಂಗಸರಿಗೆ ಬೇಡವೆನ್ನುವ ಪಾತ್ರವನ್ನು. ಲೋಹಿಯಾ ಅವರು ಸಾವಿತ್ರಿಗಿಂತ ದ್ರೌಪದಿಯನ್ನು ಮೇಲಾಗಿ ಎಣಿಸಿದವರು. ಪ್ರಶ್ನೆ ಕೇಳುವ ಹೆಂಗಸೇ ನಮಗೆ ಆದರ್ಶವಾಗಬೇಕೆಂದವರು. ಅವರ ಸಪ್ತಕ್ರಾಂತಿಯ ಪಟ್ಟಿಯಲ್ಲಿ ಗಂಡು ಹೆಣ್ಣಿನ ಸಮಾನತೆಯೇ ಮೊದಲನೆಯದು. ಹಳ್ಳಿಯ ಹೆಂಗಸಿಗೆ ಪಾಯಖಾನೆಯಿಲ್ಲ, ಅವಳ ಕಣ್ಣು ಒಲೆಯ ಹೊಗೆಯಲ್ಲಿ ಬೇಯುತ್ತದೆ ಎಂಬುದನ್ನು ದೇಶದ ರಾಜಕೀಯ ಪ್ರಶ್ನೆಯೆಂದು ಎತ್ತಿದವರೂ ಅವರೇ. ಆ ವಿಚಾರವನ್ನು ನಂಬಿದ ಹೆಂಗಸು ಚಂದ್ರಿಯಾಗಿ ನಿಂತಾಗ ಅದು ಬರೀ ವೇಷವಲ್ಲವೆಂದು ನೋಡುವವರಿಗೆ ತಿಳಿದುಬಿಡುತ್ತದೆ.

ಇದಕ್ಕೆ ಹಿಂದೆಯೂ ಇಂಥವರಿದ್ದರು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ನಾಟಕವಾಡಿದವರು, ಮೂಕಿ ಚಿತ್ರದಲ್ಲಿ ಅಭಿನಯಿಸಿದವರು. ಮನೆಯಲ್ಲಿ ಚಿಕ್ಕ ಮಗನಿದ್ದಾಗಲೇ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದವರು. ಆ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯವರೊಡನೆ ವಾದಿಸಿದವರು. ಮುಂದೆ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯೂ ಆದರು. ಅವರ ವಿಷಯ ಇನ್ನೊಂದು ಸಭೆಗಾಗುವಷ್ಟಿದೆ, ಈಗ ಬಿಡುತ್ತೇನೆ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಪತ್ರಿಕೆಗಳ ಬಾಯಿ ಕಟ್ಟಿದರು, ವಿರೋಧ ಪಕ್ಷದವರನ್ನು ರಾತ್ರೋರಾತ್ರಿ ಎಳೆದೊಯ್ದರು. ಆ ಇಪ್ಪತ್ತೊಂದು ತಿಂಗಳಲ್ಲಿ ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳಡಿ ಒಳಗಾದವರ ಸಂಖ್ಯೆ ಒಂದು ಲಕ್ಷ ಹತ್ತು ಸಾವಿರವನ್ನು ಮೀರಿತೆಂದು ಮುಂದೆ ಷಾ ಆಯೋಗವೇ ಲೆಕ್ಕ ಕೊಟ್ಟಿದೆ. ಜಾರ್ಜ್ ಫರ್ನಾಂಡಿಸರು ಭೂಗತರಾದರು. ಅವರನ್ನು ಹುಡುಕುವ ಪೋಲೀಸರು ಅವರ ಸ್ನೇಹಿತರನ್ನೂ ಬಂಧುಗಳನ್ನೂ ಒಬ್ಬೊಬ್ಬರಾಗಿ ಹಿಡಿದರು. ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಕೊಟ್ಟ ಚಿತ್ರಹಿಂಸೆ ನಾಡಿಗೇ ತಿಳಿದದ್ದು. ಅದರ ಬೆನ್ನಿಗೇ, 1976ರ ಮೇ 2ರಂದು, ಸ್ನೇಹಲತಾ ಬಂಧನಕ್ಕೊಳಗಾದರು. ಬರೋಡಾ ಡೈನಮೈಟ್ ಮೊಕದ್ದಮೆಯೆಂಬುದು ಕಾರಣ.

ದಿನಾಂಕವನ್ನು ಸ್ವಲ್ಪ ಗಮನಿಸಿರಿ. ಅದಕ್ಕೆ ನಾಲ್ಕೇ ದಿನ ಮೊದಲು, ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯಲ್ಲಿ ಸೆರೆಯಾದವನು ತನ್ನ ಬಂಧನ ನ್ಯಾಯವೇ ಎಂದು ಕೇಳಲು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಐವರಲ್ಲಿ ಬೇಡವೆಂದವರು ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಅದೇ ನ್ಯಾಯಾಲಯ ತಪ್ಪೆಂದು ತೆಗೆದುಹಾಕಿದ್ದು 2017ರಲ್ಲಿ, ನಮ್ಮ ಕರ್ನಾಟಕದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಹಿಡಿಯಿತು. ಆ ತಾಯಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಮೊಕದ್ದಮೆಯ ಅಂತಿಮ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. ಆರೋಪವಿಲ್ಲದ ಮೇಲೆ ಬಿಡಬೇಕಷ್ಟೆ? ಬಿಡಲಿಲ್ಲ. ಮೀಸಾ ಇತ್ತಲ್ಲ! ಬೆಂಗಳೂರಿನ ಸೆಂಟ್ರಲ್ ಜೈಲಿನ ಕಿರಿದಾದ ಕೋಣೆಯಲ್ಲಿ ಒಬ್ಬಂಟಿಯಾಗಿ ಇಟ್ಟರು. ಮಲಮೂತ್ರಕ್ಕೆ ಕೋಣೆಯ ಕೊನೆಯಲ್ಲೊಂದು ತೂತು. ಆಕೆಗೆ ಮೊದಲಿನಿಂದಲೂ ಉಬ್ಬಸದ ಕಾಯಿಲೆ. ಗಾಳಿ ಬೆಳಕಿಲ್ಲದ ಜಾಗ, ಸಮಯಕ್ಕೆ ಸಿಗದ ಔಷಧ. ಉಬ್ಬಸದವರನ್ನು ಕೊಲ್ಲಲು ಇದಕ್ಕಿಂತ ಹೆಚ್ಚಿನದೇನೂ ಬೇಡ. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ಮೌನದಲ್ಲಿ ಆಕೆಯ ಚೀರಾಟ ತಮ್ಮ ಕೋಣೆಗೆ ಕೇಳಿಬರುತ್ತಿತ್ತೆಂದು ಬರೆದಿದ್ದಾರೆ.

ಇಷ್ಟೇ ಆಗಿದ್ದರೆ ಇದೊಂದು ಅಳುವ ಕಥೆ, ನಾನು ಹೇಳುತ್ತಿರಲಿಲ್ಲ. ಸೋದರಿಯರೇ, ಸಂಘಟನೆಯ ಕೆಲಸ ಮಾಡುವವರು ಮುಖ್ಯವಾಗಿ ತಿಳಿಯಬೇಕಾದದ್ದು ಮುಂದಿದೆ. ಆ ಜೈಲಿನಲ್ಲಿ ಇತರ ಹೆಣ್ಣು ಕೈದಿಗಳಿದ್ದರು. ಪತ್ರಿಕೆಯಲ್ಲಿ ಹೆಸರು ಬಾರದ, ವಕೀಲರಿಲ್ಲದ ಬಡವರು. ಹೊಡೆತ ಅವರಿಗೆ ನಿತ್ಯದ ಮಾತು. ಉಸಿರಾಡಲು ಕಷ್ಟಪಡುತ್ತಿದ್ದ ಈ ಹೆಂಗಸು ಅವರಿಗಾಗಿ ಅಧಿಕಾರಿಗಳೊಡನೆ ಜಗಳವಾಡಿದರು, ಉಪವಾಸ ಕುಳಿತರು, ಹೊಡೆತ ನಿಲ್ಲಿಸಿದರು, ಊಟವನ್ನು ಸುಧಾರಿಸಿದರು. ಅವರಿಗೆ ಹಾಡು, ಆಟ, ನಾಟಕ ಕಲಿಸಿದರು. ನಾಟಕವೆಂಬುದು ಪುರುಸೊತ್ತಿದ್ದವರ ಕೆಲಸ ಎಂದಿರಲ್ಲ, ಇದಕ್ಕೇನೆನ್ನುತ್ತೀರಿ? ಸಾಲಾಗಿ ನಿಲ್ಲಿಸಿ ಎಣಿಸುವ ಹೆಂಗಸಿಗೆ ಒಂದು ಪಾತ್ರ ಕೊಟ್ಟು "ನೀನು ಮಾತಾಡು" ಎಂದರೆ ಅವಳ ಬೆನ್ನು ನೆಟ್ಟಗಾಗುತ್ತದೆ. ಶಾಲೆಯಲ್ಲಿ ಪಾಠ ಹೇಳಿದವರಿಗೆಲ್ಲ ಇದು ಗೊತ್ತು: ಕೊನೆಯ ಬೆಂಚಿನ ಮಗು ಮೊದಲು ಬಾಯಿ ಬಿಡುವುದು ಪ್ರಶ್ನೋತ್ತರದಲ್ಲಲ್ಲ, ವಾರ್ಷಿಕೋತ್ಸವದ ನಾಟಕದಲ್ಲಿ.

ಆಕೆ ಜೈಲಿನಲ್ಲಿ ದಿನಚರಿ ಬರೆದರು. ಅದು 1977ರಲ್ಲಿ ಅಚ್ಚಾಯಿತು.

1977ರ ಜನವರಿ 15ರಂದು, ಇನ್ನು ಉಳಿಯಲಾರರೆಂದು ಕಂಡಾಗ, ಪೆರೋಲಿನ ಮೇಲೆ ಹೊರಗೆ ಬಿಟ್ಟರು. 18ರಂದು ಇಂದಿರಾ ಗಾಂಧಿಯವರು ಚುನಾವಣೆಯನ್ನು ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ನಲವತ್ತೈದು ವರ್ಷವೂ ತುಂಬಿದಂತಿಲ್ಲ. ಮಾರ್ಚಿನಲ್ಲಿ ಸರಕಾರ ಬಿತ್ತು, ಸೆರೆಯಲ್ಲಿದ್ದುಕೊಂಡೇ ಜಾರ್ಜ್ ಫರ್ನಾಂಡಿಸರು ಮುಜಫರಪುರದಿಂದ ಗೆದ್ದರು, ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ಇದ್ಯಾವುದನ್ನೂ ನೋಡಲು ಆಕೆ ಇರಲಿಲ್ಲ.

"ಮಕ್ಕಳ ಗತಿ ಏನಾಯಿತು?" ಎಂದು ಈಗಲೂ ಕೇಳುವವರಿದ್ದಾರೆ, ಕೇಳಲಿ. ಮಗಳು ನಂದನಾ ರೆಡ್ಡಿ ದುಡಿಯುವ ಮಕ್ಕಳ ಹಕ್ಕಿಗಾಗಿ ಸಂಸ್ಥೆ ಕಟ್ಟಿ ಕೆಲಸ ಮಾಡಿದವರು. ಮಗ ಕೋನಾರ್ಕ್ ಸಂಗೀತಗಾರರಾದರು. ತಾಯಿ ಹೋರಾಟಕ್ಕೆ ಹೋದರೆ ಮಕ್ಕಳು ಹಾಳಾಗುತ್ತಾರೆಂಬ ಮಾತಿಗೆ ಇಲ್ಲಿ ಆಧಾರ ಕಾಣದು. ಆದರೆ ತಾಯಿಯನ್ನು ಕಳೆದುಕೊಂಡ ನೋವಿಲ್ಲವೆಂದು ನಾನು ಹೇಳುವುದಿಲ್ಲ. ಅದನ್ನು ಮಾಡಿದ್ದು ಚಳುವಳಿಯಲ್ಲ, ವಿಚಾರಣೆಯಿಲ್ಲದೆ ಬಾಗಿಲು ಹಾಕಿದ ಸರಕಾರ. ಈ ಎರಡನ್ನು ಬೆರಸಬಾರದು. ನಮ್ಮ ಊರುಗಳಲ್ಲಿ ಸದಾ ಬೆರಸುತ್ತಾರೆ: ಲಾಠಿ ಬೀಸಿದವನನ್ನು ಬಿಟ್ಟು, ಮೆರವಣಿಗೆಗೆ ಏಕೆ ಹೋದೆ ಎಂದು ಪೆಟ್ಟು ತಿಂದವಳನ್ನು ಕೇಳುತ್ತಾರೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಪಂಚಾಯಿತಿಯಲ್ಲಿ ಹೆಂಗಸರಿಗೆ ಕಾಲುಭಾಗ ಸ್ಥಾನ ಮೀಸಲಿಡುವ ಕಾನೂನನ್ನು ಈ ರಾಜ್ಯದಲ್ಲಿ 1983ರಲ್ಲಿ ತಂದದ್ದು ಜನತಾ ಸರಕಾರ, ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ. ಸಂವಿಧಾನದ 73ನೆಯ ತಿದ್ದುಪಡಿ ಅದನ್ನು ದೇಶದಲ್ಲೆಲ್ಲ ಮೂರರಲ್ಲೊಂದು ಮಾಡಿತು. 2010ರಿಂದ ನಮ್ಮಲ್ಲಿ ಅರ್ಧ. ಸ್ಥಾನ ಅರ್ಧವಾಯಿತು, ಮನೆಗೆಲಸ ಅರ್ಧವಾಯಿತೆ? ನಮ್ಮ ಪಕ್ಷದ ಸಭೆಯ ಹೊತ್ತನ್ನೇ ನೋಡಿರಿ. ಸಂಜೆ ಏಳು. ಅನ್ನಕ್ಕಿಡುವ ಹೊತ್ತು, ಮಕ್ಕಳನ್ನು ಓದಲು ಕೂರಿಸುವ ಹೊತ್ತು, ಹಾಲು ಕರೆಯುವ ಮನೆಯಲ್ಲಿ ಹಾಲು ಕರೆಯುವ ಹೊತ್ತು. ಆಮೇಲೆ ಹೆಂಗಸರು ಬರುವುದಿಲ್ಲವೆಂದು ವರದಿ ಬರೆಯುತ್ತೇವೆ. ಹಿಂದಿನ ಸಾಲಿನವರು ನಗುತ್ತಿದ್ದೀರಿ. ಆ ವರದಿ ಬರೆದವರೂ ಅಲ್ಲೇ ಇದ್ದಾರೆ. ಸಭೆ ಮಧ್ಯಾಹ್ನ ಮೂರಕ್ಕೆ ಇರಲಿ, ಭಾನುವಾರವಿರಲಿ, ಮಕ್ಕಳನ್ನು ಕರೆತರಲು ಅಡ್ಡಿಯಿಲ್ಲವೆಂದು ಕರಪತ್ರದಲ್ಲಿಯೇ ಅಚ್ಚುಮಾಡಿಸಿರಿ. ಇದು ಹೆಂಗಸರಿಗೆ ಮಾಡುವ ಉಪಕಾರವಲ್ಲ, ಪಕ್ಷ ತನಗೆ ತಾನೇ ಮಾಡಿಕೊಳ್ಳುವ ಕೆಲಸ.

ಬೆಂಗಳೂರಿಗೆ ಹೋದವರು ಆ ಹಳೆಯ ಜೈಲನ್ನು ನೋಡಿ ಬರಬಹುದು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಆ ಜಾಗ ಫ್ರೀಡಂ ಪಾರ್ಕ್ ಎಂಬ ಹೆಸರಿನ ಉದ್ಯಾನವಾಗಿದೆ. ಊರಿನ ಧರಣಿಗಳೆಲ್ಲ ಅಲ್ಲಿಯೇ ನಡೆಯುತ್ತವೆ. ನಮ್ಮ ಅಂಗನವಾಡಿ ಕಾರ್ಯಕರ್ತೆಯರೂ ಆಶಾ ಸೋದರಿಯರೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹಗಲಿರುಳು ಅಲ್ಲಿ ಕುಳಿತದ್ದುಂಟು. ಅವರಲ್ಲಿ ಎಷ್ಟು ಮಂದಿಗೆ ಸ್ನೇಹಲತಾ ಹೆಸರು ಗೊತ್ತಿತ್ತೋ ನಾನರಿಯೆ.

ಕಡೆಯದಾಗಿ ಒಂದು ಕೆಲಸದ ಮಾತು. 'ಸಂಸ್ಕಾರ' ಚಿತ್ರವನ್ನು ಮುಂದಿನ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಎರಡೂವರೆಗೆ ಇದೇ ಸಭಾಂಗಣದಲ್ಲಿ ತೋರಿಸಬೇಕೆಂದು ಗೊತ್ತುಮಾಡಿದ್ದೇವೆ. ಪರದೆ, ಕುರ್ಚಿ ಸಿಕ್ಕಿವೆ, ಧ್ವನಿವರ್ಧಕಕ್ಕೆ ಮಾತಾಡಬೇಕು. ಚಿಕ್ಕ ಮಕ್ಕಳಿಗೆ ಹೊರಗಿನ ಜಗಲಿಯಲ್ಲಿ ಆಟ, ಅವಲಕ್ಕಿ, ಬೆಲ್ಲದ ಏರ್ಪಾಡು. ಅವರನ್ನು ನೋಡಿಕೊಳ್ಳುವ ಹೊಣೆ ಈ ಸಲ ಗಂಡಸರದು. ಒಪ್ಪಿಕೊಳ್ಳುವವರು ಈಗಲೇ ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಬೇಕು. ನಾಲ್ಕು ಜನರಾದರೂ ಬೇಕು. ಇಲ್ಲಿಯವರೆಗೆ ಒಬ್ಬರೇ ಬರೆಸಿದ್ದಾರೆ.