ಊರಿಗೆ ಹತ್ತಿರವಾದರೆ ಸಾಲದು
(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶುಶ್ರೂಷಕಿಯೊಬ್ಬರು ಮಾಡಿದ ಉಪನ್ಯಾಸ)



ರೋಗಿಗಳ ಸೇವೆಯೇ ನನ್ನ ಕಾಯಕವಾಗಿತ್ತು. ಆದರೂ ನಮ್ಮ ದೊಡ್ಡಪ್ಪನವರ ವಿಷಯದಲ್ಲಿ ನಾನೇ ತಪ್ಪಿದೆ. ಅದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇನೆ.

ನ್ಯುಮೋನಿಯಾ ಆಗಿ ಅವರು ಹುಬ್ಬಳ್ಳಿಯಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಜ್ವರ ಇಳಿದಿತ್ತು, ಆಕ್ಸಿಜನ್ ಇನ್ನೂ ಬೇಕಿತ್ತು. ಮರುದಿನ ಬೆಳಿಗ್ಗೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ಕಳಿಸುವುದೆಂದು ವೈದ್ಯರು ನಿರ್ಧರಿಸಿದರು. ನಮಗೂ ಅದೇ ಬೇಕಿತ್ತು. ಖರ್ಚು ಕಡಿಮೆ, ಮನೆಯ ಗಂಜಿ, ಪಕ್ಕದಲ್ಲಿ ಮಕ್ಕಳು. ಆದರೆ ಮರುದಿನ ಅಮಾವಾಸ್ಯೆ. "ಅಮಾಸಿ ದಿನ ಬ್ಯಾಡ, ಇವತ್ತ ರಾತ್ರಿನ ಹೊರಡೂಣು" ಎಂದರು ಹಿರಿಯರು. ನಾನು ಸುಮ್ಮನಿದ್ದೆ.

ರಾತ್ರಿ ಒಂದು ಗಂಟೆಗೆ ತಾಲ್ಲೂಕು ಆಸ್ಪತ್ರೆ ಮುಟ್ಟಿದೆವು. ಅಲ್ಲಿ ಯಾರಿಗೂ ಮುಂಚೆ ತಿಳಿಸಿರಲಿಲ್ಲ. ಡಿಸ್ಚಾರ್ಜ್ ಚೀಟಿ ಬೆಳಿಗ್ಗೆ ಸಿಗಬೇಕಿತ್ತು, ನಮ್ಮ ಕೈಯಲ್ಲಿ ಬಿಲ್ಲು ಮಾತ್ರ. ರಾತ್ರಿಯ ಗುಳಿಗೆ ತಪ್ಪಬಾರದೆಂದು ದೊಡ್ಡಮ್ಮ ತಮ್ಮ ಚೀಲದಿಂದ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟರು. ಅದೇ ಔಷಧವನ್ನು ಸಂಜೆ ಹುಬ್ಬಳ್ಳಿಯಲ್ಲಿ ಬೇರೆ ಕಂಪನಿಯ ಹೆಸರಿನಲ್ಲಿ ಕೊಟ್ಟಾಗಿತ್ತು. ಅವರು ಊಟವನ್ನೂ ಮಾಡಿರಲಿಲ್ಲ. ನಸುಕಿನಲ್ಲಿ ಮೈಯೆಲ್ಲ ಬೆವೆತು ಪ್ರಜ್ಞೆ ತಪ್ಪಿದರು. ರಕ್ತದ ಸಕ್ಕರೆ 38ಕ್ಕೆ ಇಳಿದಿತ್ತು. ಅಲ್ಲಿಯ ಸಿಸ್ಟರ್ ತಕ್ಷಣ ಗ್ಲೂಕೋಸ್ ಏರಿಸಿದ್ದರಿಂದ ಉಳಿದರು.

ಒಳ್ಳೆಯ ದಿನ, ಕೆಟ್ಟ ದಿನ ಎಂಬುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು. ಮಠದಲ್ಲಿ ಅದನ್ನು ಕೇಳಿ ತಲೆದೂಗುವ ನಾವು ಆಸ್ಪತ್ರೆಯ ಬಾಗಿಲಲ್ಲಿ ಪಂಚಾಂಗ ತೆಗೆಯುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ಹಾನಿ ತಡೆಯಲು ಅಭಿಯಾನ ಆರಂಭಿಸಿದಾಗ, ವಿಶೇಷ ಗಮನ ಬೇಕೆಂದ ಮೂರು ಸಂಗತಿಗಳಲ್ಲಿ ಒಂದು ಇದೇ: ರೋಗಿ ಒಬ್ಬರ ಆರೈಕೆಯಿಂದ ಇನ್ನೊಬ್ಬರ ಆರೈಕೆಗೆ ಹೋಗುವ ಸಮಯ.

ಆದ್ದರಿಂದ ಹೊರಡುವ ಮೊದಲು ನಾಲ್ಕು ಕೆಲಸ ಮಾಡಿ.

ಒಂದು, ಇಲ್ಲಿಯ ವೈದ್ಯರು ಅಲ್ಲಿಯ ವೈದ್ಯರೊಂದಿಗೆ ಫೋನಿನಲ್ಲಿ ಮಾತಾಡಲಿ. ಹಾಸಿಗೆ, ಆಕ್ಸಿಜನ್ ಇವೆಯೇ ಎಂದು ಖಚಿತವಾಗಲಿ.

ಎರಡು, ಬರವಣಿಗೆಯಲ್ಲಿ ಪಡೆಯಿರಿ. ಪ್ರತಿ ಔಷಧದ ಮೂಲ ಹೆಸರು, ಕೊನೆಯ ಸಲ ಕೊಟ್ಟ ಗಂಟೆ, ನಿಲ್ಲಿಸಿದ ಔಷಧ, ಒಗ್ಗದ ಔಷಧ, ಮೂತ್ರದ ನಳಿಕೆ ಹಾಕಿದ ದಿನಾಂಕ, ಇನ್ನೂ ಬರಬೇಕಾದ ವರದಿ. ಮನೆಯ ಹಳೆಯ ಗುಳಿಗೆಗಳನ್ನು ವೈದ್ಯರಿಗೆ ತೋರಿಸದೆ ಕೊಡಬೇಡಿ.

ಮೂರು, ದಾರಿಯ ಲೆಕ್ಕ ಹಾಕಿ. 1500 ಲೀಟರಿನ ಸಿಲಿಂಡರ್ ನಿಮಿಷಕ್ಕೆ 10 ಲೀಟರಿನಂತೆ 150 ನಿಮಿಷ ಮಾತ್ರ ಬರುತ್ತದೆ. ಹುಬ್ಬಳ್ಳಿಯಿಂದ ವಿಜಯಪುರ ಸುಮಾರು 200 ಕಿಲೋಮೀಟರ್. ಊರು ಮುಟ್ಟುವ ಮೊದಲೇ ಅದು ಬರಿದಾಗುತ್ತದೆ. ಹೆಚ್ಚಿನ ಸಿಲಿಂಡರ್ ಇರಲಿ, ತರಬೇತಿ ಪಡೆದವರು ಜೊತೆಗಿರಲಿ.

ನಾಲ್ಕು, ಆದಷ್ಟು ಹಗಲಿನಲ್ಲಿ ತಲುಪಿ. ಅಲ್ಲಿಯ ಸಿಸ್ಟರ್ ಚೀಟಿ ಓದಿ, ರೋಗಿಯನ್ನು ನೋಡಿ ಒಪ್ಪಿಸಿಕೊಳ್ಳುವವರೆಗೆ ಜೊತೆಗೆ ಬಂದವರು ಹೊರಡಬಾರದು.

ಬಡರೋಗಿಗೆ ಆಂಬುಲೆನ್ಸ್ ಬಾಡಿಗೆ ಕೊಡುವ ದಾಸೋಹಿಗಳು ನಮ್ಮಲ್ಲಿದ್ದಾರೆ. ಅವರಲ್ಲಿ ನನ್ನ ಬೇಡಿಕೆ ಒಂದೇ. ಬಾಡಿಗೆಯ ಜೊತೆಗೆ ಒಬ್ಬ ಓದುಬರಹ ಬಲ್ಲ ತರುಣನನ್ನೂ ಕಳಿಸಿ. ಈ ನಾಲ್ಕು ಪ್ರಶ್ನೆಗಳನ್ನು ಅವನು ಕೇಳಲಿ. ಆ ರಾತ್ರಿ ನಾನು ಕೇಳಬೇಕಾಗಿತ್ತು, ಕೇಳಲಿಲ್ಲ.