ನಾಯಕನ ಊಟದ ಮೇಜಿನ ಮೇಲೆ

1768ರಲ್ಲಿ ಹಡಗಿನ ನಾಯಕ ಜೇಮ್ಸ್ ಕುಕ್ ಇಂಗ್ಲೆಂಡಿನಿಂದ ಎಂಡೆವರ್ ಎಂಬ ಹಾಯಿಹಡಗಿನಲ್ಲಿ ಹೊರಟ. ಫ್ರಿಜ್ ಇಲ್ಲದ ಕಾಲ. ತಿಂಗಳುಗಟ್ಟಲೆ ಉಪ್ಪುಮಾಂಸ, ಗಟ್ಟಿ ಬಿಸ್ಕತ್ತು ತಿಂದ ನಾವಿಕರಿಗೆ ಆಗ ಸ್ಕರ್ವಿ ಎಂಬ ರೋಗ ಬರುತ್ತಿತ್ತು. ಒಸಡಿನಲ್ಲಿ ರಕ್ತ ಒಸರುತ್ತಿತ್ತು.

ಕುಕ್ ಪೀಪಾಯಿಗಳಲ್ಲಿ ಎಲೆಕೋಸು ತುಂಬಿಸಿಕೊಂಡಿದ್ದ. ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಅದುಮಿ, ಹುಳಿ ಬರಲು ಬಿಟ್ಟ ಕೋಸು. ಆ ಹುಳಿಯೇ ಅದನ್ನು ಕೆಡದಂತೆ ಕಾಯುತ್ತದೆ. ಸ್ಕರ್ವಿಯನ್ನು ತಡೆಯುವ ಸಿ ಜೀವಸತ್ವವೂ ತಕ್ಕಮಟ್ಟಿಗೆ ಉಳಿಯುತ್ತದೆ.

ಮೊದಲು ನಾವಿಕರಿಗೆ ಅದು ಬೇಡವಾಯಿತು.

ಕುಕ್ ಬಲವಂತ ಮಾಡಲಿಲ್ಲ. ಅಧಿಕಾರಿಗಳ ಊಟಕ್ಕೆ ದಿನವೂ ಅದನ್ನು ಬಡಿಸಿದ. ನಾವಿಕರು ಬೇಕಿದ್ದರೆ ತಿನ್ನಲಿ ಎಂದು ಬಿಟ್ಟ. ಮೇಲಿನವರು ಇಷ್ಟಪಟ್ಟು ತಿನ್ನುವುದನ್ನು ಕಂಡು ಎಲ್ಲರೂ ಕೇಳತೊಡಗಿದರು. ವಾರದೊಳಗೆ ಪಾಲು ಹಾಕಿ ಕೊಡಬೇಕಾಯಿತು.

ಇಂದು ಮಕ್ಕಳು ಸೊಪ್ಪಿನ ಪಲ್ಯ ಬೇಡವೆಂದರೆ, ಹಿರಿಯರು ತಮ್ಮ ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಳ್ಳಬಹುದು.