ಮಗುವಿನ ಹೃದಯ ಮತ್ತು ತಾಯಿಯ ಮೇಲಿನ ಆರೋಪ

(ತುಮಕೂರಿನಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ, ಅನುಗ್ರಹಗಳಿರಲಿ.



ಗುಬ್ಬಿಯ ಒಂದು ಮನೆಗೆ ಎರಡು ತಿಂಗಳ ಕೂಸನ್ನು ನೋಡಲು ಹೋಗಿದ್ದೆವು. ಹಾಲು ಕುಡಿಯುವಾಗ ಅದರ ಹಣೆ ಬೆವರುತ್ತಿತ್ತು, ಉಸಿರು ಏರುತ್ತಿತ್ತು. 'ಗ್ರಹಣದ ದಿನ ಇವಳು ಹೊರಗೆ ಬಂದಿದ್ದಳು, ಅದಕ್ಕೇ ಹೀಗೆ' ಎಂದರು ಹಿರಿಯರು. ಬಾಣಂತಿ ತಲೆ ತಗ್ಗಿಸಿದಳು. ನಾವು ದುಆ ಮಾಡಿ, ನೀರಿಗೆ ಓದಿ ಊದಿ ಎದ್ದು ಬಂದೆವು. ವೈದ್ಯರಿಗೆ ತೋರಿಸಿ ಎನ್ನಲಿಲ್ಲ, ಆ ತಾಯಿಯ ಪರ ಒಂದು ಮಾತೂ ಆಡಲಿಲ್ಲ. ಮೂರು ವಾರದ ಮೇಲೆ ಬೆಂಗಳೂರಿನಲ್ಲಿ ಎಕೋ ಪರೀಕ್ಷೆಯಾಯಿತು. ಹೃದಯದ ಕೆಳಕೋಣೆಗಳ ನಡುಗೋಡೆಯಲ್ಲಿ ರಂಧ್ರವಿತ್ತು.

ಈ ಕೋಣೆಗಳು ಹೇಗಾಗುತ್ತವೆ? ಗರ್ಭ ನಿಂತ ಮೂರನೇ ವಾರದಲ್ಲಿ, ಹೃದಯವಾಗಲಿರುವ ಮೂಲಕೋಶಗಳು ಎರಡು ಬದಿಗಳಿಂದ ನಡುವಿಗೆ ಸರಿದು ಸಣ್ಣ ಕೊಳವೆಯಾಗುತ್ತವೆ. ಸುಮಾರು 22ನೇ ದಿನಕ್ಕೆ ಅದು ಮಿಡಿಯತೊಡಗುತ್ತದೆ. ಈ ಕೋಶಗಳಲ್ಲಿ ಎರಡು ತಂಡಗಳಿವೆ. ಮೊದಲ ತಂಡದಿಂದ ಮುಖ್ಯವಾಗಿ ಎಡ ಕೆಳಕೋಣೆ ಆಗುತ್ತದೆ. ಆಮೇಲೆ ಬಂದು ಸೇರುವ ಎರಡನೆಯ ತಂಡದಿಂದ ಬಲ ಕೆಳಕೋಣೆ, ರಕ್ತ ಹೊರಹೋಗುವ ದಾರಿ ಆಗುತ್ತವೆ. ಮೇಲಿನ ಕೋಣೆಗಳಲ್ಲಿ ಎರಡೂ ತಂಡಗಳ ಪಾಲಿದೆ. ಕೊಳವೆ ಬಲಕ್ಕೆ ಬಾಗಿ ಮಡಚಿಕೊಂಡ ಮೇಲೆ ಒಳಗೆ ಗೋಡೆಗಳೇಳುತ್ತವೆ. ಎಂಟನೇ ವಾರದ ಹೊತ್ತಿಗೆ ನಾಲ್ಕು ಕೋಣೆಗಳೂ ಸಿದ್ಧ. ನಡುಗೋಡೆ ಪೂರ್ತಿ ಕೂಡದೆ ಉಳಿದರೆ ಅದೇ ರಂಧ್ರ.

ಆ ಹೃದಯದ ಮೊದಲ ಮಿಡಿತದ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ. ಸಾವಿರ ಶಿಶುಗಳಲ್ಲಿ ಸುಮಾರು 8ಕ್ಕೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಹೆಚ್ಚಿನವಕ್ಕೆ ಇಂಥದ್ದೇ ಕಾರಣ ಎಂದು ವೈದ್ಯರೂ ಹೇಳಲಾರರು. ಹಾಗಿರುವಾಗ ಸೊಸೆಯತ್ತ ಬೆರಳು ತೋರಿಸಲು ನಾವ್ಯಾರು?

ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನ ಎರಡಕ್ಕೂ ನಂಟು ಕಲ್ಪಿಸಿದರು. ಪುತ್ರಶೋಕದ ನಡುವೆಯೂ ಪ್ರವಾದಿ(ಸ)ರು ಅದನ್ನು ತಿದ್ದಿದರು: ಯಾರ ಹುಟ್ಟು ಸಾವಿಗೂ ಗ್ರಹಣ ಹಿಡಿಯುವುದಿಲ್ಲ. ಇದನ್ನು ಮಿಂಬರ್ ಮೇಲೆ ಎಷ್ಟೋ ಸಲ ಹೇಳಿದ್ದ ನಾವು ಆ ಮನೆಯಲ್ಲಿ ಹೇಳದೇಹೋದೆವು.

ನಮ್ಮ ಕೈಯಲ್ಲಿರುವ ಒಂದು ಕೆಲಸವೂ ಇದೆ. ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಮಗುವಿನ ಹೃದಯಕ್ಕೆ ಹಾನಿಯಾಗಬಹುದು. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗ ವಾಟ್ಸ್ಆ್ಯಪ್ ಗಾಳಿಮಾತು ನಂಬಿ ಮಕ್ಕಳಿಗೆ ಲಸಿಕೆ ತಪ್ಪಿಸಿದವರಿದ್ದಾರೆ. ಆ ತಪ್ಪು ಮತ್ತೆ ಬೇಡ.

ಗುಬ್ಬಿ, ಕುಣಿಗಲ್, ತುಮಕೂರಿನ ಸಹೋದರ ಸಹೋದರಿಯರೇ, ಕೂಸು ಹಾಲು ಕುಡಿಯುತ್ತಾ ಬೆವರಿದರೆ, ತುಟಿ ನೀಲಿಯಾದರೆ, ತೂಕ ಏರದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವೇ ಮುಚ್ಚುತ್ತವೆ. ದೊಡ್ಡವಕ್ಕೆ ಶಸ್ತ್ರಚಿಕಿತ್ಸೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ, ಚಿಕಿತ್ಸೆ ಉಚಿತ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ದುಆ ಬಿಡಬೇಡಿ, ದವಾ ತಡಮಾಡಬೇಡಿ.

ಆ ಮಗುವಿಗೆ ಶಸ್ತ್ರಚಿಕಿತ್ಸೆಯಾಯಿತು. ಅಲ್‌ಹಮ್ದುಲಿಲ್ಲಾಹ್, ಈಗ ಅಂಬೆಗಾಲಿಡುತ್ತಿದೆ. ನಾವು ಮತ್ತೆ ಆ ಮನೆಗೆ ಹೋಗಿ, ಅದೇ ಹಿರಿಯರ ಮುಂದೆ ಆ ತಾಯಿಯ ಕ್ಷಮೆ ಕೇಳಿದೆವು. ನಿಮ್ಮ ಮನೆಯಲ್ಲೂ ಹೀಗೆ ತಲೆ ತಗ್ಗಿಸಿ ಕುಳಿತ ತಾಯಿಯಿದ್ದರೆ, ಇಂದು ನಮಾಝ್ ಮುಗಿಸಿ ಹೋಗಿ ಒಂದು ಒಳ್ಳೆಯ ಮಾತಾಡಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ನಮಗೆ ಕರುಣೆಯನ್ನೂ ಕೊಡಲಿ. ಆಮೀನ್.